ಲೋವೆಲ್‌ನ ನೀರ್ಗಂಟಿ

(ಮಂಡ್ಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ರೈತರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ಕೂತಿರುವ ಸಿವಿಲ್ ವಿದ್ಯಾರ್ಥಿಗಳಿಗೆ ಫ್ರಾನ್ಸಿಸ್ ಎಂಬ ಹೆಸರು ಗೊತ್ತೇ ಇರುತ್ತದೆ. ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ತೊಟ್ಟಿಗೆ ಅಡ್ಡಲಾಗಿ ಹಿತ್ತಾಳೆ ತಗಡು ಕೂರಿಸಿ, ಅದರ ಕಿಂಡಿಯ ಮೇಲೆ ನೀರು ಹಾಯಿಸಿ, ಕೊಕ್ಕೆ ಗೇಜಿನ ಮೊನೆ ನೀರಿನ ಮೈಯನ್ನು ಮುಟ್ಟುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತೀರಲ್ಲ, ಆ ಪ್ರಯೋಗ. ಕಿಂಡಿಯ ಅಂಚಿನ ಮೇಲಿನ ನೀರಿನ ಎತ್ತರದ ಒಂದೂವರೆ ಘಾತವನ್ನು ಕಿಂಡಿಯ ಅಗಲದಿಂದ ಗುಣಿಸಿ, ಅದನ್ನು 1.84ರಿಂದ ಗುಣಿಸಿದರೆ ಹರಿವು ಸಿಗುತ್ತದೆ. ಪಕ್ಕದ ಅಂಚುಗಳಲ್ಲಿ ನೀರು ಒಳಕ್ಕೆ ಸೆಳೆದುಕೊಳ್ಳುವುದರಿಂದ, ಒಂದೊಂದು ಅಂಚಿಗೂ ಎತ್ತರದ ಹತ್ತನೆಯ ಒಂದು ಭಾಗವನ್ನು ಅಗಲದಲ್ಲಿ ಕಳೆಯಬೇಕು. ಫ್ರಾನ್ಸಿಸ್ ಸೂತ್ರ. ನಾನೂ ಅದನ್ನು ಬಾಯಿಪಾಠ ಮಾಡಿ ಪಾಸಾದವನೇ. ಆಮೇಲೆ ನೀರಾವರಿ ಕೆಲಸಕ್ಕೆ ಸೇರಿ ನಾಲೆಗಳ ಮೇಲೆ ಓಡಾಡುತ್ತಲೇ ತಲೆ ಬೆಳ್ಳಗಾಯಿತು. ಈ ಫ್ರಾನ್ಸಿಸ್ ಯಾರು, ಅವನಿಗೆ ಈ ಸೂತ್ರ ಯಾಕೆ ಬೇಕಾಯಿತು ಎಂದು ಕೇಳಿಕೊಳ್ಳಲು ಮಾತ್ರ ನಿವೃತ್ತಿಯ ತನಕ ಪುರಸೊತ್ತಾಗಲಿಲ್ಲ.

ಮಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಒಂದು ಭಾನುವಾರ ಲೋವೆಲ್ ಎಂಬ ಊರಿಗೆ ಕರೆದುಕೊಂಡು ಹೋದಳು. ಬಾಸ್ಟನ್ನಿನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್. ಊರೊಳಗೆ ಕಾಲಿಟ್ಟರೆ ಬೀದಿಗೊಂದು ನಾಲೆ. ಕಲ್ಲು ಕಟ್ಟಿದ ದಡ, ಅದರ ಅಂಚಿನಿಂದಲೇ ನೆಟ್ಟಗೆ ಎದ್ದುನಿಂತ ಐದಾರು ಅಂತಸ್ತಿನ ಕೆಂಪು ಇಟ್ಟಿಗೆಯ ಗಿರಣಿಗಳು. ಸೇತುವೆ ದಾಟಿದರೆ ಮತ್ತೊಂದು ನಾಲೆ. ಎಲ್ಲ ಸೇರಿ ಸುಮಾರು 9 ಕಿಲೋಮೀಟರ್. ಇಷ್ಟು ನಾಲೆಯಿಂದ ಒಂದು ಎಕರೆಯೂ ನೆನೆಯುವುದಿಲ್ಲ. ಒಂದು ತೆಂಡೆ ಭತ್ತಕ್ಕೂ ಇದರ ನೀರು ಹೋದದ್ದಲ್ಲ. ಎಲ್ಲವೂ ಗಿರಣಿ ತಿರುಗಿಸಲು ತೋಡಿದ ನಾಲೆಗಳು.

ಕಟ್ಟೆ ಮೇಲೆ ಒಂದು ಫಲಕ. ಅದರಲ್ಲಿ ಈ ನಾಲೆಗಳ ಮುಖ್ಯ ಎಂಜಿನಿಯರ್ ಎಂದು ಒಂದು ಹೆಸರು: ಜೇಮ್ಸ್ ಬಿ. ಫ್ರಾನ್ಸಿಸ್. ಲ್ಯಾಬಿನ ಆ ಹಿತ್ತಾಳೆ ತಗಡು ಒಂದೇ ಸಲ ಕಣ್ಣ ಮುಂದೆ ಬಂದು ನಿಂತಿತು. ಆವತ್ತಿನಿಂದ ಆ ಊರಿಗೆ ಎಷ್ಟು ಸಲ ಹೋದೆ ಎಂದು ಮಗಳನ್ನೇ ಕೇಳಬೇಕು.

ಮೊದಲು ನದಿಯ ಸಂಗತಿ. ಮೆರಿಮ್ಯಾಕ್ ನದಿ ಉತ್ತರದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಹುಟ್ಟಿ ತೆಂಕಣಕ್ಕೆ ಹರಿದು, ಲೋವೆಲ್ ಹತ್ತಿರ ತಿರುಗಿ, ಪೂರ್ವದ ಕಡಲು ಸೇರುತ್ತದೆ. ಆ ತಿರುವಿನಲ್ಲಿ ಪಾಟಕೆಟ್ ಜಲಪಾತ. ಜಲಪಾತ ಎಂದರೆ ಜೋಗವನ್ನೋ ಗಗನಚುಕ್ಕಿಯನ್ನೋ ನೆನೆಯಬೇಡಿ. ಒಂದು ಮೈಲಿ ಉದ್ದದ ಬಂಡೆಗಳ ಮೇಲೆ ನೀರು ಸುಮಾರು 32 ಅಡಿ ಇಳಿಯುತ್ತದೆ, ಅಷ್ಟೆ. ಪೆನಕುಕ್ ಎಂಬ ಮೂಲನಿವಾಸಿಗಳು ವಸಂತದಲ್ಲಿ ಅಲ್ಲಿ ಸೇರಿ ಕಡಲಿಂದ ಮೇಲೇರಿ ಬರುವ ಮೀನು ಹಿಡಿಯುತ್ತಿದ್ದರು.

ಮೊದಲ ನಾಲೆ ತೋಡಿದ್ದು ಗಿರಣಿಗಾಗಿ ಅಲ್ಲ. ನ್ಯೂ ಹ್ಯಾಂಪ್‌ಶೈರ್ ಕಾಡಿನ ಮರದ ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿ ಕಡಲತೀರದ ಹಡಗು ಕಟ್ಟುವ ಊರುಗಳಿಗೆ ಸಾಗಿಸಬೇಕಿತ್ತು. ಜಲಪಾತದಲ್ಲಿ ದಿಮ್ಮಿ ಚೂರಾಗುತ್ತಿತ್ತು. ಅದಕ್ಕೆ 1792ರಲ್ಲಿ ಒಂದು ಕಂಪನಿ ಹುಟ್ಟಿ, 1796ರಲ್ಲಿ ಜಲಪಾತವನ್ನು ಬಳಸಿಕೊಂಡು ಹೋಗುವ ಒಂದೂವರೆ ಮೈಲಿಯ ಪಾಟಕೆಟ್ ನಾಲೆಯನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ನೇರ ಬಾಸ್ಟನ್ನಿಗೇ ಹೋಗುವ ಮತ್ತೊಂದು ಕಾಲುವೆ ಬಂದು ಇದರ ವ್ಯಾಪಾರ ಕುಸಿಯಿತು.

ಆ ಬಡಕಲು ನಾಲೆಯ ಮೇಲೆ ಬಾಸ್ಟನ್ನಿನ ವರ್ತಕರ ಕಣ್ಣು ಬಿದ್ದದ್ದು 1821ರಲ್ಲಿ. ಅದಕ್ಕೂ ಮುಂಚೆ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬಾತ ಇಂಗ್ಲೆಂಡಿನ ಗಿರಣಿಗಳನ್ನು ನೋಡಿಬಂದು, ಅಲ್ಲಿಯ ಯಂತ್ರಮಗ್ಗವನ್ನು ನೆನಪಿನಿಂದಲೇ ಮತ್ತೆ ಕಟ್ಟಿಸಿ, ವಾಲ್ಥಮ್ ಎಂಬ ಊರಲ್ಲಿ ಚಾರ್ಲ್ಸ್ ನದಿಯ ಮೇಲೆ ಗಿರಣಿ ನಡೆಸಿದ್ದ. ಒಂದೇ ಸೂರಿನಡಿ ಹತ್ತಿ ಒಳಗೆ ಹೋಗಿ ಬಟ್ಟೆಯಾಗಿ ಹೊರಬರುವ ಗಿರಣಿ ಅದು. ಆದರೆ ಚಾರ್ಲ್ಸ್ ನದಿಗೆ ಅಲ್ಲಿ ಹತ್ತು ಅಡಿಯಷ್ಟೇ ಇಳಿತ. 1817ರಲ್ಲಿ ಅವನು ತೀರಿಕೊಂಡ. ಅವನ ಪಾಲುದಾರರು ದೊಡ್ಡ ಇಳಿತ ಹುಡುಕುತ್ತ ಮೆರಿಮ್ಯಾಕ್‌ಗೆ ಬಂದರು, ನಾಲೆ ಕಂಪನಿಯ ಷೇರುಗಳನ್ನೂ ಸುತ್ತಲಿನ ರೈತರ ಜಮೀನುಗಳನ್ನೂ ಕೊಂಡರು. ತೀರಿಕೊಂಡ ಗೆಳೆಯನ ಹೆಸರನ್ನೇ 1826ರಲ್ಲಿ ಊರಿಗೆ ಇಟ್ಟರು.

1822ರ ಏಪ್ರಿಲ್‌ನಲ್ಲಿ ಹ್ಯೂ ಕಮಿಸ್ಕಿ ಎಂಬ ಐರಿಷ್ ಮೇಸ್ತ್ರಿ ಮೂವತ್ತು ಜನ ಕೂಲಿಗಳನ್ನು ಕಟ್ಟಿಕೊಂಡು ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಿಂದ ಇಲ್ಲಿಗೆ ನಡೆದೇ ಬಂದ. ಹಳೆಯ ನಾಲೆಯನ್ನು 60 ಅಡಿ ಅಗಲ, 8 ಅಡಿ ಆಳಕ್ಕೆ ಹಿಗ್ಗಿಸಿದವರು ಇವರು. ಗುದ್ದಲಿ, ಸನಿಕೆ, ಬಂಡೆ ಸಿಕ್ಕಿದಲ್ಲಿ ಸಿಡಿಮದ್ದು. ಗಿರಣಿ ಕೆಲಸಗಾರರಿಗೆ ಕಂಪನಿ ಇಟ್ಟಿಗೆ ಮನೆಗಳನ್ನು ಕಟ್ಟಿಸಿತು. ನಾಲೆ ತೋಡಿದವರಿಗೆ ಮನೆ ಇರಲಿಲ್ಲ, ಊರಾಚೆಯ ಬಯಲಲ್ಲಿ ಗುಡಾರ, ಗುಡಿಸಲು. ನಮ್ಮ ಕಡೆ ಕೆರೆ ಕಟ್ಟೆ ಹಾಕಿದ ಒಡ್ಡರ ಕೇರಿಗಳೂ ಊರಾಚೆಯೇ ಇದ್ದದ್ದು ನೆನಪಾಗುತ್ತದೆ. 1823ರ ಸೆಪ್ಟೆಂಬರಿನಲ್ಲಿ ಆ ಪಾಲುದಾರರ ಮೆರಿಮ್ಯಾಕ್ ಕಂಪನಿಯ ಮೊದಲ ಚಕ್ರ ತಿರುಗಿತು. 30 ಅಡಿ ವ್ಯಾಸದ ಮರದ ಚಕ್ರ.

ಇಲ್ಲಿಂದ ಮುಂದಿನದನ್ನು ರೈತ ಬಂಧುಗಳು ಸ್ವಲ್ಪ ಗಮನವಿಟ್ಟು ಕೇಳಬೇಕು. ನಮ್ಮ ನಾಲೆಗೂ ಅವರ ನಾಲೆಗೂ ಇರುವ ವ್ಯತ್ಯಾಸ ಇಲ್ಲೇ ಇದೆ.

ನಮ್ಮ ವಿ.ಸಿ. ನಾಲೆಯಿಂದ, ಅಂದರೆ ವಿಶ್ವೇಶ್ವರಯ್ಯ ನಾಲೆಯಿಂದ, ಗದ್ದೆಗೆ ಬಿಟ್ಟ ನೀರು ಖರ್ಚಾಗುತ್ತದೆ. ಪೈರು ಕುಡಿಯುತ್ತದೆ, ಬಿಸಿಲು ಹೀರುತ್ತದೆ, ನೆಲ ಇಂಗಿಸುತ್ತದೆ, ಬಸಿದದ್ದು ಮಾತ್ರ ಹಳ್ಳಕ್ಕೆ. ಗಿರಣಿ ನಾಲೆಯಲ್ಲಿ ನೀರು ಖರ್ಚೇ ಆಗುವುದಿಲ್ಲ. ಚಕ್ರದ ತಲೆಯ ಮೇಲೆ ಬಿದ್ದದ್ದು ಅಷ್ಟಕ್ಕಷ್ಟೂ ಕೆಳಗಿನಿಂದ ಹೊರಬಂದು ನದಿ ಸೇರುತ್ತದೆ. ಅಲ್ಲಿ ಖರ್ಚಾಗುವುದು ಎತ್ತರ. ಮೂವತ್ತು ಅಡಿ ಮೇಲಿದ್ದ ನೀರು ಮೂವತ್ತು ಅಡಿ ಕೆಳಗೆ ಬಂತಲ್ಲ, ಆ ಬರುವಿಕೆಯನ್ನೇ ಮಾರುವುದು, ಕೊಳ್ಳುವುದು. ಹಾಗಾಗಿ ಅವರ ಜಿಪುಣತನವೆಲ್ಲ ಅಡಿ, ಅಂಗುಲಗಳ ಮೇಲೆ.

ಆ ಎತ್ತರವನ್ನು ಅವರು ಎರಡು ಮೆಟ್ಟಿಲು ಮಾಡಿದರು. ಮೇಲಿನ ಮಟ್ಟದ ನಾಲೆಗಳಿಂದ ಒಂದು ಸಾಲು ಗಿರಣಿಗಳ ಚಕ್ರಗಳ ಮೇಲೆ ನೀರು 13 ಅಡಿ ಇಳಿದು ಕೆಳಗಿನ ಮಟ್ಟದ ನಾಲೆಗೆ ಬೀಳುತ್ತದೆ. ಆ ನಾಲೆ ಅದೇ ನೀರನ್ನು ಇನ್ನೊಂದು ಸಾಲು ಗಿರಣಿಗಳಿಗೆ ಕೊಡುತ್ತದೆ, ಅಲ್ಲಿ ಇನ್ನೂ 17 ಅಡಿ ಇಳಿದು ನದಿ ಸೇರುತ್ತದೆ. ಮೇಲಿನ ಗಿರಣಿ ಉಗುಳಿದ್ದೇ ಕೆಳಗಿನ ಗಿರಣಿಯ ಅನ್ನ. ನದಿ ದಡದಲ್ಲೇ ಇದ್ದ ಮೆರಿಮ್ಯಾಕ್ ಕಂಪನಿಯಂಥವು ಮೂವತ್ತು ಅಡಿಯನ್ನೂ ಒಟ್ಟಿಗೇ ಬಳಸಿದವು. ಹ್ಯಾಮಿಲ್ಟನ್, ಆ್ಯಪಲ್ಟನ್, ಸಫೋಕ್, ಟ್ರೆಮಾಂಟ್, ಲಾರೆನ್ಸ್, ಬೂಟ್ ಎಂದು ಒಂದಾದ ಮೇಲೊಂದು ಕಂಪನಿ ಎದ್ದವು. ಪ್ರತಿಯೊಂದರ ಬಾಗಿಲಿಗೂ ಒಂದು ನಾಲೆ ಬಂತು. 1850ರ ಹೊತ್ತಿಗೆ ಊರಿನ ಜನಸಂಖ್ಯೆ 33 ಸಾವಿರ. ಮೂವತ್ತು ವರ್ಷದ ಹಿಂದೆ ಅದು ಒಂದು ಹಳ್ಳಿಯ ಮೂಲೆ.

ಈಗ ಲೆಕ್ಕದ ಪ್ರಶ್ನೆ ಬಂತು. ಹತ್ತು ಕಂಪನಿಗಳಿಗೆ ಒಂದು ನದಿ. ಯಾರಿಗೆ ಎಷ್ಟು?

ಹಳೆಯ ದೋಣಿ ನಾಲೆಯ ಕಂಪನಿ ಈಗ ನೀರು ಮಾರುವ ಕಂಪನಿಯಾಗಿತ್ತು. ಮಾರಬೇಕಾದರೆ ಒಂದು ಅಳತೆ ಬೇಕು, ಸೇರೋ ಕೊಳಗವೋ ಏನಾದರೊಂದು. ಅವರು ಹುಟ್ಟಿಸಿದ ಅಳತೆಯ ಹೆಸರು ‘ಮಿಲ್ ಪವರ್’. ವಾಲ್ಥಮ್‌ನ ಎರಡನೆಯ ಗಿರಣಿಯಲ್ಲಿ ನೂಲು ತೆಗೆಯುವ 3,584 ಕದಿರುಗಳಿದ್ದವು. ಅಷ್ಟು ಕದಿರು, ಅದಕ್ಕೆ ತಕ್ಕ ಮಗ್ಗಗಳು, ಹಿಂಜುವ ಯಂತ್ರಗಳು ನಡೆಯಲು ಬೇಕಾದ ನೀರು ಎಷ್ಟೋ ಅದೇ ಒಂದು ಮಿಲ್ ಪವರ್. 30 ಅಡಿ ಇಳಿತದಲ್ಲಾದರೆ 25 ಕ್ಯೂಸೆಕ್. 17 ಅಡಿಯಲ್ಲಾದರೆ 45.5 ಕ್ಯೂಸೆಕ್, 13 ಅಡಿಯಲ್ಲಾದರೆ 60.5 ಕ್ಯೂಸೆಕ್. ಇಳಿತ ಕಡಿಮೆಯಾದಷ್ಟೂ ನೀರು ಹೆಚ್ಚು ಬೇಕು. ಕ್ಯೂಸೆಕ್ ಎಂದರೆ ಏನು ಎಂದು ಮಂಡ್ಯದಲ್ಲಿ ನಿಂತು ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಟಿ.ವಿ. ಮುಂದೆ ಕೂತು ಆ ಪದವನ್ನು ಕೇಳಿ ಎದೆ ಧಸಕ್ಕೆಂದವರು ನಾವು. 25 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 700 ಲೀಟರ್.

ನನಗೆ ಈ ಅಳತೆ ಬಹಳ ಹಿಡಿಸಿತು. ಇಷ್ಟು ಅಶ್ವಶಕ್ತಿ ಎಂದು ಅವರು ಮಾರಲಿಲ್ಲ. ಕೊಟ್ಟ ನೀರಿನಿಂದ ನೀವು ಎಷ್ಟು ಶಕ್ತಿ ತೆಗೆಯುತ್ತೀರೋ ಅದು ನಿಮ್ಮ ಚಕ್ರದ ಯೋಗ್ಯತೆ. ಒಳ್ಳೆಯ ಚಕ್ರ ಕೂರಿಸಿದವನಿಗೆ ಅದೇ ನೀರಲ್ಲಿ ಹೆಚ್ಚು ನೂಲು. ಮುಂದೆ ಆ ಊರಲ್ಲಿ ಟರ್ಬೈನುಗಳ ಹಿಂದೆ ಬಿದ್ದು ಅಷ್ಟೊಂದು ಕೆಲಸ ನಡೆದದ್ದು ಈ ಕಾರಣದಿಂದ ಎಂದು ನನ್ನ ತಿಳಿವಳಿಕೆ. ನಮ್ಮಲ್ಲಿ ಎಕರೆ ಲೆಕ್ಕದಲ್ಲಿ ನೀರಿನ ಕಂದಾಯ ಕಟ್ಟುತ್ತೇವೆ. ನೀರು ಉಳಿಸಿದವನಿಗೂ ಕೋಡಿ ಹರಿಸಿದವನಿಗೂ ಒಂದೇ ದರ. ಇದನ್ನು ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅಳತೆ ನಿಂತಿತು, ಆದರೆ ಅಳೆಯುವುದು ಹೇಗೆ? ಇಲ್ಲಿಗೆ ಫ್ರಾನ್ಸಿಸ್ ಬರುತ್ತಾನೆ.

ಹುಟ್ಟಿದ್ದು 1815ರಲ್ಲಿ, ಇಂಗ್ಲೆಂಡಿನಲ್ಲಿ. ಹರೆಯದಲ್ಲೇ ಅಪ್ಪನ ಜೊತೆ ರೈಲುದಾರಿ ಕೆಲಸಕ್ಕೆ ಬಿದ್ದ. ಹದಿನೆಂಟು ವರ್ಷಕ್ಕೆ ಹಡಗು ಹತ್ತಿ ಅಮೆರಿಕಕ್ಕೆ. 1834ರಲ್ಲಿ ಲೋವೆಲ್‌ಗೆ ಬಂದ, 1837ರಲ್ಲಿ ಆ ನೀರಿನ ಕಂಪನಿಯ ಮುಖ್ಯ ಎಂಜಿನಿಯರ್ ಆದ. ಇಪ್ಪತ್ತೆರಡು ವರ್ಷ! ನಿಮ್ಮಲ್ಲಿ ಕೊನೆಯ ವರ್ಷದವರ ವಯಸ್ಸು. ಆಮೇಲೆ ನಲವತ್ತೇಳು ವರ್ಷ ಅದೇ ನಾಲೆಗಳ ಮೇಲೆ ಕಳೆದ.

ಊರ ಕೆರೆಗೆ ಒಬ್ಬ ನೀರ್ಗಂಟಿ ಇರುತ್ತಿದ್ದನಲ್ಲ. ನಮ್ಮ ತಾತ ಅದೇ ಕೆಲಸ ಮಾಡಿದವರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ಜಾವ ಎಂದು ಸರದಿ ನೋಡುವುದು, ರಾತ್ರಿ ಲಾಟೀನು ಹಿಡಿದು ಕಾಲುವೆ ಮೇಲೆ ನಡೆದು ಯಾರೋ ಕದ್ದು ಒಡೆದ ಬದು ಮುಚ್ಚುವುದು. ಸುಗ್ಗಿಯಲ್ಲಿ ಮನೆಮನೆಯಿಂದ ಒಂದಿಷ್ಟು ಭತ್ತ ಅವರ ಪಾಲು. ತಾತ ಒಂದು ಮಾತು ಹೇಳುತ್ತಿದ್ದರು: ನೀರು ಬಿಡುವುದು ತೋಳಿನ ಕೆಲಸ, ಬಿಟ್ಟದ್ದು ಸರಿಯಾಗಿದೆ ಅಂತ ಇನ್ನೊಬ್ಬನಿಗೆ ಅನ್ನಿಸುವ ಹಾಗೆ ಮಾಡುವುದೇ ಕೆಲಸ. ಫ್ರಾನ್ಸಿಸ್ ನನಗೆ ಅರ್ಥವಾದದ್ದು ತಾತನ ಈ ಮಾತಿನ ಮೂಲಕ. ನಾಲೆ ತೋಡುವುದು ಸಣ್ಣ ಕೆಲಸ. ಯಾರಿಗೆ ಎಷ್ಟು ಹೋಯಿತು ಎಂದು ಎಲ್ಲರೂ ಒಪ್ಪುವ ಹಾಗೆ ತೋರಿಸುವುದು ದೊಡ್ಡದು.

ಅವನು ಅಳೆದ ಬಗೆ ನೋಡಿ. ಗಿರಣಿಗೆ ಹೋಗುವ ನಾಲೆಯಲ್ಲಿ ಒಂದಿಷ್ಟು ಉದ್ದಕ್ಕೆ ತಳ, ಪಕ್ಕ ಎರಡಕ್ಕೂ ಹಲಗೆ ಹೊದಿಸಿ ನೇರವಾದ ಪೆಟ್ಟಿಗೆಯಂತೆ ಮಾಡಿದ. ಎರಡು ಅಂಗುಲ ವ್ಯಾಸದ ತಗಡಿನ ಕೊಳವೆಗಳನ್ನು ತೆಗೆದುಕೊಂಡು ಒಂದು ತುದಿಗೆ ಸೀಸ ತುಂಬಿಸಿದ. ನೀರಿಗೆ ಬಿಟ್ಟರೆ ಕೊಳವೆ ನೆಟ್ಟಗೆ ನಿಂತು ತೇಲಬೇಕು, ಬುಡ ತಳಕ್ಕೆ ತಾಗಬಾರದು, ತಾಗಿತೇನೋ ಅನ್ನುವಷ್ಟು ಹತ್ತಿರ ಇರಬೇಕು. ಯಾಕೆ? ನಾಲೆಯಲ್ಲಿ ನೀರು ಮೇಲೆ ಜೋರು, ತಳದಲ್ಲಿ ನಿಧಾನ. ಎಲೆಯೊಂದನ್ನು ತೇಲಿಬಿಟ್ಟು ವೇಗ ನೋಡಿದರೆ ಮೇಲಿನ ನೀರಿನ ವೇಗವಷ್ಟೇ ಸಿಗುತ್ತದೆ. ಉದ್ದ ಕೊಳವೆಯನ್ನು ಮೇಲಿನ ನೀರು ಮುಂದಕ್ಕೆ ನೂಕುತ್ತದೆ, ಕೆಳಗಿನ ನೀರು ಹಿಂದಕ್ಕೆ ಹಿಡಿಯುತ್ತದೆ, ಕೊಳವೆ ಎರಡರ ನಡುವಿನ ಸರಾಸರಿಯಲ್ಲಿ ಸಾಗುತ್ತದೆ. ಒಬ್ಬ ಸೇತುವೆ ಮೇಲಿಂದ ಕೊಳವೆ ಬಿಡುತ್ತಾನೆ. ಮೊದಲ ಗೆರೆ ದಾಟಿದಾಗ ಒಂದು ಹೊತ್ತು, ಎರಡನೆಯ ಗೆರೆ ದಾಟಿದಾಗ ಇನ್ನೊಂದು ಹೊತ್ತು ಬರೆದುಕೊಳ್ಳುತ್ತಾರೆ. ನಾಲೆಯ ಅಗಲದುದ್ದಕ್ಕೂ ಮತ್ತೆ ಮತ್ತೆ ಬಿಡುತ್ತಾರೆ. ದಡದ ಹತ್ತಿರ ಒಂದು ವೇಗ, ನಡುವೆ ಒಂದು ವೇಗ. ಒಂದು ತಗಡಿನ ಕೊಳವೆ, ಒಂದು ಗಡಿಯಾರ, ಒಂದು ಪುಸ್ತಕ. ಇಷ್ಟೇ ಸಾಮಾನು.

ಈ ಕೊಳವೆ ಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡಲು ಅದೇ ನೀರನ್ನು ಅಡ್ಡಹಲಗೆಯ ಅಂಚಿನ ಮೇಲೆ ಹಾಯಿಸಿದ. ಆ ಅಡ್ಡಹಲಗೆಯ ಪ್ರಯೋಗಗಳಿಂದ ಬಂದದ್ದೇ ನಿಮ್ಮ ಲ್ಯಾಬಿನ ಸೂತ್ರ. ಬೇರೆಯವರು ಸಣ್ಣ ಕಿಂಡಿಗಳಲ್ಲಿ ಮಾಡಿದ್ದನ್ನು ಇವನು ಹತ್ತು ಅಡಿ ಅಗಲದ ಅಂಚಿನ ಮೇಲೆ, ನಾಲೆಯನ್ನೇ ಲ್ಯಾಬು ಮಾಡಿಕೊಂಡು ಮಾಡಿದ. 1855ರಲ್ಲಿ ಎಲ್ಲವನ್ನೂ ‘ಲೋವೆಲ್ ಹೈಡ್ರಾಲಿಕ್ ಎಕ್ಸ್‌ಪೆರಿಮೆಂಟ್ಸ್’ ಎಂಬ ಪುಸ್ತಕದಲ್ಲಿ ಕೋಷ್ಟಕಗಳ ಸಮೇತ ಅಚ್ಚು ಹಾಕಿಸಿದ. ಲೀಸಿಗಿಂತ ಹೆಚ್ಚು ನೀರು ಎಳೆದ ಗಿರಣಿ ಹೆಚ್ಚಿಗೆ ಹಣ ತೆರಬೇಕಿತ್ತು. ಅಳತೆಯಲ್ಲಿ ಸಂಶಯ ಬಂದರೆ ಲೆಕ್ಕ ತೆಗೆದು ತೋರಿಸಬಹುದಿತ್ತು.

ಅದೇ ಪುಸ್ತಕದಲ್ಲಿ ಟರ್ಬೈನ್ ಕೂಡ ಇದೆ. ಮರದ ಚಕ್ರಗಳು ನೀರಿನ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಪೋಲು ಮಾಡುತ್ತಿದ್ದವು. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಪ್ರವಾಹದಲ್ಲಿ ನದಿ ಏರಿ ಚಕ್ರದ ಬುಡಕ್ಕೆ ನೀರು ತುಂಬಿಕೊಂಡರೆ ಚಕ್ರ ಕೆಸರಲ್ಲಿ ಸಿಕ್ಕಿಬಿದ್ದ ಎತ್ತಿನಂತೆ ನಿಂತುಬಿಡುತ್ತಿತ್ತು. ನದಿ ತುಂಬಿದಾಗಲೇ ಗಿರಣಿಗೆ ರಜೆ. ಯುರೈಯಾ ಬಾಯ್ಡನ್ ಎಂಬ ಇನ್ನೊಬ್ಬ ಎಂಜಿನಿಯರ್ 1844ರಲ್ಲಿ ಅಲ್ಲಿಯ ಆ್ಯಪಲ್ಟನ್ ಗಿರಣಿಗೆ, ನೀರು ಒಳಗಿನಿಂದ ಹೊರಕ್ಕೆ ಚಿಮ್ಮುವ ಟರ್ಬೈನ್ ಕೂರಿಸಿದ. ನೀರಲ್ಲಿ ಮುಳುಗಿದ್ದರೂ ತಿರುಗುವ ಯಂತ್ರ ಅದು. ಫ್ರಾನ್ಸಿಸ್ 1849ರ ಹೊತ್ತಿಗೆ ದಿಕ್ಕನ್ನು ತಿರುಗಿಸಿ, ಸುತ್ತಲಿಂದ ಒಳಕ್ಕೆ ನುಗ್ಗುವ ನೀರಿನ ಟರ್ಬೈನನ್ನು ಲೆಕ್ಕ ಹಾಕಿ, ಮಾಡಿ, ಪರೀಕ್ಷಿಸಿ ನೋಡಿದ. ಅದರ ವಂಶವೇ ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಜಲ ಟರ್ಬೈನ್. ಚೀನಾದ ತ್ರೀ ಗಾರ್ಜಸ್‌ನಲ್ಲಿರುವುದು ಅದು, ನಮ್ಮ ಕಾಳಿ ನದಿಯ ನಾಗಝರಿ ವಿದ್ಯುದಾಗಾರದಲ್ಲಿ ತಿರುಗುತ್ತಿರುವುದೂ ಅದೇ.

ನಾಲೆ ವಿಷಯಕ್ಕೆ ಮರಳುತ್ತೇನೆ. ಗಿರಣಿಗಳು ಹೆಚ್ಚಿದಂತೆ ಹಳೆಯ ಪಾಟಕೆಟ್ ನಾಲೆಯಲ್ಲಿ ನೀರು ವೇಗವಾಗಿ ಓಡತೊಡಗಿತು. ವೇಗ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಅನ್ನಿಸಬಹುದು. ಅಲ್ಲ. ನಾಲೆಯಲ್ಲಿ ನೀರನ್ನು ಓಡಿಸಲು ಇಳಿಜಾರು ಬೇಕು, ಆ ಇಳಿಜಾರು ಬರುವುದು ಗಿರಣಿಯ ಬಾಯಿಂದಲೇ. ದಾರಿಯಲ್ಲಿ ಒಂದು ಅಡಿ ಸೋರಿದರೆ 13 ಅಡಿ ಇಳಿತದ ಗಿರಣಿಗೆ ಹದಿಮೂರನೆಯ ಒಂದು ಪಾಲು ಶಕ್ತಿ ಹೋದಂತೆ. ಗಿರಣಿ ನಾಲೆ ಅಗಲವಾಗಿರಬೇಕು, ನೀರು ತುಂಬಿಕೊಂಡು ಸೋಮಾರಿಯಾಗಿ ಬರಬೇಕು. ಅದಕ್ಕೆ 1846, 47ರಲ್ಲಿ ಫ್ರಾನ್ಸಿಸ್ ಉತ್ತರ ನಾಲೆ ಕಟ್ಟಿಸಿದ. ಸುಮಾರು ನೂರಡಿ ಅಗಲ. ಒಂದಿಷ್ಟು ದೂರ ಅದು ನದಿಯ ಪಾತ್ರದೊಳಗೇ ಹೋಗುತ್ತದೆ: ಗ್ರಾನೈಟ್ ಗೋಡೆಯೊಂದೇ ಅಡ್ಡ, ಈಚೆಗೆ ಎತ್ತರದಲ್ಲಿ ನಾಲೆ, ಆಚೆಗೆ ತುಂಬ ಕೆಳಗೆ ನದಿಯ ಬಂಡೆಗಳು. ಆ ಗೋಡೆಯ ಮೇಲಿನ ದಾರಿಯಲ್ಲಿ ನಡೆದಿದ್ದೇನೆ. ಎಡಗಡೆಯ ನೀರು ಕನ್ನಡಿಯಂತೆ ಅಲುಗದೆ ಇದೆ, ಬಲಗಡೆಯ ನೀರು ಬಂಡೆಗೆ ಬಡಿದು ಮೊರೆಯುತ್ತಿದೆ. ಎರಡೂ ಒಂದೇ ನದಿ. ಆ ಎರಡರ ನಡುವಿನ ಎತ್ತರವನ್ನು ಕಣ್ಣಿಂದ ಅಳೆಯುತ್ತ ಬಹಳ ಹೊತ್ತು ನಿಂತಿದ್ದೆ. ಊರಿನ ಸಂಪತ್ತೆಲ್ಲ ಆ ಎತ್ತರದಲ್ಲಿ ಇತ್ತು.

ಇನ್ನು ಒಂದು ಬಾಗಿಲಿನ ಕಥೆ.

ಪಾಟಕೆಟ್ ನಾಲೆ ನದಿಯಿಂದ ಒಡೆದು ಬರುವ ಸ್ವಲ್ಪ ಕೆಳಗೆ ಕಾವಲು ತೂಬುಗಳಿವೆ. ಫ್ರಾನ್ಸಿಸ್ ಹಳೆಯ ನೆರೆಗಳ ಗುರುತು ಹುಡುಕುತ್ತ ಹೋದ. 1785ರಲ್ಲಿ, ಊರು ಹುಟ್ಟುವ ಮೊದಲೇ, ಬಂದಿದ್ದ ಒಂದು ಮಹಾಪೂರದ ಸುದ್ದಿ ಸಿಕ್ಕಿತು. ಅಂಥದ್ದು ಮತ್ತೆ ಬಂದರೆ ಮರದ ತೂಬುಗಳು ಕಿತ್ತುಹೋಗಿ ನದಿ ನಾಲೆಯ ದಾರಿ ಹಿಡಿದು ಊರೊಳಗೇ ನುಗ್ಗುತ್ತದೆ ಎಂದು ಲೆಕ್ಕ ಹಾಕಿದ. ಆ ಜಾಗದಲ್ಲಿ 27 ಅಡಿ ಅಗಲ, 25 ಅಡಿ ಎತ್ತರದ ಒಂದು ಬಾಗಿಲು ಮಾಡಿಸಿದ. ತೆಂಕಣ ರಾಜ್ಯಗಳ ಹಳದಿ ಪೈನ್ ಮರದ ತೊಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕಬ್ಬಿಣದಿಂದ ಬಿಗಿದದ್ದು, ತೂಕ 20 ಟನ್ನಿಗೂ ಹೆಚ್ಚು. ಅದನ್ನು ನಾಲೆಯ ನೆತ್ತಿಯ ಮೇಲೆ ಒಂದು ಕಬ್ಬಿಣದ ಪಟ್ಟಿಗೆ ತೂಗುಹಾಕಿದ. ಇಳಿಸಲು ತಿರುಗುಣಿ ಇಲ್ಲ, ಗೇರು ಇಲ್ಲ. ಪಟ್ಟಿಯನ್ನು ಉಳಿಯಿಂದ ಕಡಿದರೆ ಬಾಗಿಲು ತನ್ನ ಭಾರಕ್ಕೇ ಬಿದ್ದು ನಾಲೆಯ ಬಾಯಿ ಮುಚ್ಚುತ್ತದೆ.

1850ರಲ್ಲಿ ಕೆಲಸ ಮುಗಿಯಿತು. ಜನ ಅದನ್ನು ‘ಫ್ರಾನ್ಸಿಸನ ಮೂರ್ಖತನ’ ಎಂದು ಕರೆದರು. ಎರಡೇ ವರ್ಷ. 1852ರ ಏಪ್ರಿಲ್‌ನಲ್ಲಿ ಹಿಮ ಕರಗಿ, ಮಳೆಯೂ ಕೂಡಿ ಮೆರಿಮ್ಯಾಕ್ ಏರಿತು. ಬೆಳಕು ಹರಿಯುವ ಮುಂಚೆ ಆಳುಗಳು ಮೇಲೆ ಹತ್ತಿ ಸುತ್ತಿಗೆ, ಉಳಿ ಹಿಡಿದು ಪಟ್ಟಿಯನ್ನು ಕಡಿದರು. ಬಾಗಿಲು ಬಿತ್ತು. ಊರು ಉಳಿಯಿತು. 1936ರ ಮಾರ್ಚಿನ ಮಹಾಪೂರದಲ್ಲಿ, ಅವನು ಸತ್ತು 44 ವರ್ಷದ ಮೇಲೆ, ಅದೇ ಬಾಗಿಲನ್ನು ಮತ್ತೆ ಬೀಳಿಸಿದರು. ಆಗಲೂ ಊರು ಉಳಿಯಿತು.

ಪ್ರವಾಸಿಗರ ದೋಣಿ ಆ ಬಾಗಿಲ ಕೆಳಗೇ ಹಾದುಹೋಗುತ್ತದೆ. ನಾನು ಕತ್ತೆತ್ತಿ ನೋಡಿದೆ. ತೊಲೆಗಳ ಬುಡ ಕಪ್ಪಾಗಿದೆ, ಕಬ್ಬಿಣದ ಕಟ್ಟಿನಿಂದ ತುಕ್ಕಿನ ನೀರು ಇಳಿದು ಮರದ ಮೇಲೆ ಕೆಂಪು ಗೆರೆಗಳಾಗಿವೆ. ಕೆಲಸದಲ್ಲಿ ಇದ್ದಾಗ ಎಷ್ಟೋ ಗೇಟು ನೋಡಿದವನು ನಾನು. ಕೀಲೆಣ್ಣೆ ಕಾಣದೆ ಹಿಡಿದುಕೊಂಡ ಗೇಟು, ಸರಪಳಿ ಕಳವಾದ ಗೇಟು, ನೆರೆ ಬಂದ ರಾತ್ರಿ ಎತ್ತಲಾರದೆ ಕಣ್ಣೀರು ಹಾಕಿಸಿದ ಗೇಟು. ಒಂದೇ ಒಂದು ಸಲದ ಕೆಲಸಕ್ಕಾಗಿ ಯಾವ ಯಂತ್ರವನ್ನೂ ನಂಬದೆ ಭೂಮಿಯ ಸೆಳೆತವನ್ನು ಮಾತ್ರ ನಂಬಿ ತೂಗುಹಾಕಿದ ಆ ಮರದ ಬಾಗಿಲಿಗೆ ದೋಣಿಯಲ್ಲೇ ಕೈ ಮುಗಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಅಷ್ಟು ಸೂಕ್ಷ್ಮವಾಗಿ ಅಳೆದ ಊರಲ್ಲಿ ಅಳತೆಯೊಳಗೆ ಇದ್ದವರು ಗಿರಣಿ ಒಡೆಯರು ಮಾತ್ರ.

ಒಳಗೆ ಮಗ್ಗ ನಡೆಸುತ್ತಿದ್ದವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ನೀರು ಎಷ್ಟು ಹೊತ್ತಿಗೆ ಬಿಡುತ್ತಾರೋ ಆ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು, ದಿನಕ್ಕೆ ಹನ್ನೆರಡು ಗಂಟೆಗೂ ಮಿಗಿಲು ದುಡಿತ. ಬೂಟ್ ಗಿರಣಿಯ ಮ್ಯೂಸಿಯಮ್ಮಿನಲ್ಲಿ ಹಳೆಯ ಮಗ್ಗಗಳನ್ನು ಇಂದಿಗೂ ಓಡಿಸಿ ತೋರಿಸುತ್ತಾರೆ. ಕೆಲವನ್ನು ಮಾತ್ರ ಓಡಿಸಿದರೂ ಪಕ್ಕದವರ ಮಾತು ಕೇಳುವುದಿಲ್ಲ, ಹಲಗೆಯ ನೆಲ ಅಂಗಾಲಿನ ಅಡಿಯಲ್ಲಿ ನಡುಗುತ್ತದೆ. ನಾನು ಹತ್ತು ನಿಮಿಷಕ್ಕೆ ಹೊರಗೆ ಬಂದೆ. 1834ರಲ್ಲಿ ಕೂಲಿ ಕಡಿತವಾದಾಗ ಸುಮಾರು 800 ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. 1836ರಲ್ಲಿ ಮತ್ತೆ, ಇನ್ನೂ ಹೆಚ್ಚು ಜನ. 1845ರಲ್ಲಿ ಸಾರಾ ಬ್ಯಾಗ್ಲಿ ಮುಂತಾದವರು ದಿನಕ್ಕೆ ಹತ್ತು ಗಂಟೆ ಕೆಲಸ ಸಾಕೆಂದು ಶಾಸನಸಭೆಯ ಮುಂದೆ ಸಾಕ್ಷಿ ನುಡಿದರು. ಆ ಕಾನೂನು ಮ್ಯಾಸಚೂಸೆಟ್ಸ್‌ನಲ್ಲಿ ಬಂದದ್ದು 1874ರಲ್ಲಿ.

ಹತ್ತಿ ಬರುತ್ತಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರ ಕೈಯಿಂದ. ಅಲ್ಲಿಯ ಗುಲಾಮರು ಉಡುತ್ತಿದ್ದ ಒರಟು ಬಟ್ಟೆಗೆ ‘ಲೋವೆಲ್’ ಎಂದೇ ಹೆಸರಿತ್ತು. ತಾವು ಬಿಡಿಸಿಕೊಟ್ಟ ಹತ್ತಿಯೇ ಈ ನಾಲೆಗಳ ನೀರಿನಲ್ಲಿ ನೂಲಾಗಿ, ಹಾಸು ಹೊಕ್ಕಾಗಿ, ಅತಿ ಅಗ್ಗದ ಬಟ್ಟೆಯಾಗಿ ಅವರ ಮೈಗೇ ಮರಳುತ್ತಿತ್ತು. ಇದನ್ನು ಓದಿದ ದಿನ ನನಗೆ ಆ ನಾಲೆಯ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ನಮ್ಮ ನಾಡಿನಲ್ಲೂ ನೀರಿನಿಂದ ನಡೆದ ಹತ್ತಿ ಗಿರಣಿ ಇತ್ತಲ್ಲವೇ ಎಂದು ಕೇಳಬಹುದು. ಇತ್ತು. ಗೋಕಾಕ್ ಜಲಪಾತದ ಪಕ್ಕದಲ್ಲಿ, 1887ರಲ್ಲಿ, ಘಟಪ್ರಭೆಯ ನೀರಿನಲ್ಲಿ ಟರ್ಬೈನ್ ತಿರುಗಿಸಿ ನಡೆಸಿದರು. ಅದರದೇ ಕಥೆ ದೊಡ್ಡದು. ಅದಕ್ಕೆ ಬೇರೆ ಒಂದು ಸಂಜೆ ಬೇಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ಬರೆಯದೆ ಬಿಡಲಾರೆ. ಹಿಂದಿನ ಸಾಲಿನಿಂದ ವಯಸ್ಸಾದ ನೀರ್ಗಂಟಿಯೊಬ್ಬರು ಎದ್ದರು. “ಸ್ವಾಮಿ, ರಾತ್ರಿ ಗಿರಣಿ ನಿಂತಾಗ ನೀರನ್ನ ಏನ್ ಮಾಡ್ತಿದ್ರು?” ಅಂದರು. ಈ ಪ್ರಶ್ನೆ ಕೇಳಲು ನೀರ್ಗಂಟಿಯೇ ಆಗಿರಬೇಕು.

ಹೇಳಿದೆ. ರಾತ್ರಿ ತೂಬು ಇಳಿಸಿ ನೀರನ್ನು ನದಿಗೆ ಹಾಕಿದ್ದ ಅಡ್ಡಗಟ್ಟೆಯ ಹಿಂದೆ ನಿಲ್ಲಿಸುತ್ತಿದ್ದರು. ಗಟ್ಟೆಯ ನೆತ್ತಿಯ ಮೇಲೆ ಹಲಗೆಗಳನ್ನು ನಿಲ್ಲಿಸಿ ಇನ್ನೊಂದಿಷ್ಟು ಎತ್ತರಿಸುತ್ತಿದ್ದರು. ಹಿನ್ನೀರು ನದಿಯಲ್ಲಿ ಮೇಲಕ್ಕೆ 18 ಮೈಲಿಯ ತನಕ ನಿಲ್ಲುತ್ತಿತ್ತು. ಬೇಸಿಗೆಗೆ ಅದೂ ಸಾಲಲಿಲ್ಲ. 1845ರಲ್ಲಿ ಲೋವೆಲ್‌ನ ಒಡೆಯರೂ, ಕೆಳಗೆ ಲಾರೆನ್ಸ್ ಎಂಬ ಹೊಸ ಗಿರಣಿ ಊರು ಕಟ್ಟುತ್ತಿದ್ದವರೂ ಸೇರಿ ಮೇಲಿನ ರಾಜ್ಯದ ನೀರಿಗೇ ಕೈ ಹಾಕಿದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವಿನಿಪೆಸಾಕಿ ಎಂಬ ದೊಡ್ಡ ಸರೋವರವಿದೆ, ಮೆರಿಮ್ಯಾಕ್‌ನ ಒಂದು ಹುಟ್ಟು ಅಲ್ಲಿ. ಅದರ ಕೋಡಿಯ ಮೇಲಿನ ಅಡ್ಡಗಟ್ಟೆ, ಸುತ್ತಲಿನ ಇನ್ನೂ ಕೆಲವು ಕೆರೆಗಳ ಬಾಯಿ, ಎಲ್ಲವನ್ನೂ ಒಂದು ಕಂಪನಿಯ ಹೆಸರಲ್ಲಿ ಕೊಂಡರು. ಲೋವೆಲ್‌ಗೆ ನೀರು ಬೇಕಾದಾಗ ಬಿಡುವುದು, ಬೇಡವಾದಾಗ ಹಿಡಿಯುವುದು. ಹಿಡಿದಾಗ ಮೇಲಿನ ರೈತರ ಹುಲ್ಲುಗಾವಲು ಮುಳುಗಿತು. ಹಿಡಿದು ಇಟ್ಟದ್ದರಿಂದ ಅಲ್ಲಿಯೇ ಕೆಳಗಿದ್ದ ಸಣ್ಣಪುಟ್ಟ ಗಿರಣಿಗಳಿಗೆ ನೀರಿಲ್ಲ. ನಮ್ಮಲ್ಲಿ ಮೇಲಿನವರು ಬಿಡುವುದಿಲ್ಲ ಎಂದು ಕೆಳಗಿನವರ ದೂರು. ಅಲ್ಲಿ ಕೆಳಗಿನವರೇ ಮೇಲಿನವರ ತೂಬಿನ ಕೀಲಿ ಹಿಡಿದಿದ್ದರು.

“ಊರವರು ಸುಮ್ನಿದ್ರಾ?”

ಸುಮ್ಮನಿರಲಿಲ್ಲ. 1859ರ ಸೆಪ್ಟೆಂಬರಿನಲ್ಲಿ ಲೇಕ್ ವಿಲೇಜ್ ಎಂಬಲ್ಲಿ ಜನ ಕೊಡಲಿ, ಹಾರೆ ಹಿಡಿದು ಅಡ್ಡಗಟ್ಟೆ ಒಡೆಯಲು ಏರಿ ಹೋದರು. ಜಗಳವಾಯಿತು, ಹೊಡೆದಾಟವಾಯಿತು. ಗಟ್ಟೆ ಒಡೆಯಲಿಲ್ಲ.

ನೀರ್ಗಂಟಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ, “ಈಗ ಆ ತೂಬು ಯಾರ ಕೈಲದೆ?” ಎಂದು ಕೇಳಿದರು.

ನ್ಯೂ ಹ್ಯಾಂಪ್‌ಶೈರ್ ರಾಜ್ಯ ಸರ್ಕಾರದ ಕೈಯಲ್ಲಿದೆ, ಎಂದೆ. ಅವರು ತಲೆಯಾಡಿಸಿ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಕೂತರು.